ಮೈನಸ್ 14ಕ್ಕಿಂತ ಸೊನ್ನೆಗೆ ಹೆದರಿ

ಪ್ರಶ್ನೆ: ಹಿಮ ಬೀಳುವ ಊರಿಗೆ ಬಂದು ಇದು ನನ್ನ ಮೊದಲ ಚಳಿಗಾಲ. ಬೇಸಿಗೆಯಿಂದ ಆಫೀಸಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದೇನೆ, ಒಂದು ಕಡೆಗೆ 8 ಕಿ.ಮೀ. ಚಳಿಗಾಲದಲ್ಲೂ ಬಿಡಬಾರದು ಅಂತ ಹಟ. ಆದರೆ ಕಳೆದ ವಾರ ತಿರುವಿನಲ್ಲಿ ಮುಂದಿನ ಚಕ್ರ ಜಾರಿ ಧೊಪ್ಪನೆ ಬಿದ್ದೆ. ಹೆಲ್ಮೆಟ್ ನೆಲಕ್ಕೆ ಬಡಿಯಿತು, ಮೊಣಕೈ ಇನ್ನೂ ನೋಯುತ್ತಿದೆ. ವಿಚಿತ್ರ ಅಂದರೆ ಅದರ ಹಿಂದಿನ ವಾರ ಮೈನಸ್ 14 ಇದ್ದಾಗ ಏನೂ ಆಗಿರಲಿಲ್ಲ. ಬಿದ್ದ ದಿನ ಬರೀ ಮೈನಸ್ 1! ಇನ್ನೊಂದು ಬೆಳಿಗ್ಗೆ ಪೆಡಲ್ ತುಳಿದರೆ ಸುಮ್ನೆ ತಿರುಗುತ್ತಿತ್ತು, ಸೈಕಲ್ ಮುಂದಕ್ಕೆ ಹೋಗಲೇ ಇಲ್ಲ. ಚೈನ್ ಹದಿನೈದೇ ದಿನಕ್ಕೆ ಕೆಂಪಗಾಗಿದೆ. ಆಫೀಸು ಮುಟ್ಟುವಷ್ಟರಲ್ಲಿ ಮೈಯೆಲ್ಲ ಬೆವರು, ಕಾಲ್ಬೆರಳು ಮಾತ್ರ ಮರಗಟ್ಟಿರುತ್ತವೆ. ಜೊತೆಗೆ ಕೆಲಸ ಮಾಡುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದಪ್ಪ ಟೈರಿನ ಫ್ಯಾಟ್ ಬೈಕ್ ತಗೋ, ಮುಖಕ್ಕೆ ವ್ಯಾಸಲೀನ್ ಬಳಿ, ಶ್ವಾಸಕೋಶ ಹೆಪ್ಪುಗಟ್ಟುತ್ತೆ ಬಿಟ್ಟುಬಿಡು ಅಂತ. ಮನೆಯಲ್ಲಿ ಹೆಂಡತಿಗೂ ಗಾಬರಿ. ಮುಂದುವರಿಸಲೋ, ಹಿಮ ಕರಗುವವರೆಗೆ ಸೈಕಲ್ ಮೂಲೆಗಿಡಲೋ?

ಉತ್ತರ: ನಿಮ್ಮ ಪತ್ರದಲ್ಲಿ ನೀವು 'ವಿಚಿತ್ರ' ಅಂದಿರುವ ವಿಷಯವೇ ಇಡೀ ಚಳಿಗಾಲದ ಗುಟ್ಟು. ಸೈಕಲ್ ರಿಪೇರಿ ಮಾಡುತ್ತಾ, ಹಿಮದಲ್ಲಿ ಓಡಿಸುವವರಿಗೆ ಹೇಳಿಕೊಡುತ್ತಾ ಬಹಳ ವರ್ಷ ಕಳೆದಿದ್ದೇನೆ. ಬಿದ್ದು ಬಂದವರನ್ನು ನಾನು ಮೊದಲು ಕೇಳುವುದು 'ಆವತ್ತು ಎಷ್ಟು ಡಿಗ್ರಿ ಇತ್ತು?' ಅಂತ. ಹೆಚ್ಚಿನವರ ಉತ್ತರ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ.

ಕಾರಣ ಸರಳ. ಸೊನ್ನೆಯ ಹತ್ತಿರ ಮಂಜುಗಡ್ಡೆಯ ಮೇಲೆ ನೀರಿನ ತೆಳು ಪದರ ಇರುತ್ತದೆ. ಎಣ್ಣೆ ಸವರಿದ ಗಾಜು ಇದ್ದ ಹಾಗೆ. ಚಳಿ ಹೆಚ್ಚಿದಷ್ಟೂ ಮೇಲ್ಮೈ ಒಣಗಿ ಗಟ್ಟಿಯಾಗುತ್ತದೆ. ಮೈನಸ್ 14ರಲ್ಲಿ ತುಳಿದು ಗಟ್ಟಿಯಾದ ಹಿಮ ಟೈರಿನ ಕೆಳಗೆ ಕರಕರ ಅನ್ನುತ್ತದಲ್ಲ, ಆ ಸದ್ದು ಕೇಳಿದರೆ ನನಗೆ ಸಮಾಧಾನ. ಚಕ್ರಕ್ಕೆ ಹಿಡಿತ ಸಿಗುತ್ತಿದೆ ಅಂತ ಅರ್ಥ.

ಸೊನ್ನೆಯ ಹತ್ತಿರದ ದಿನಗಳಲ್ಲಿ ಇನ್ನೊಂದು ಕಾಟ ಇದೆ. ಮಧ್ಯಾಹ್ನ ಬಿಸಿಲಿಗೋ, ಹಿಮ ಕರಗಲಿ ಅಂತ ರಸ್ತೆಗೆ ಎರಚಿದ ಉಪ್ಪಿಗೋ ಹಿಮ ಕರಗುತ್ತದೆ. ಸಂಜೆ ಅದೇ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಡಾಂಬರು ಬರೀ ಒದ್ದೆಯಾದ ಹಾಗೆ ಕಪ್ಪಗೆ ಹೊಳೆಯುತ್ತದೆ, ಅದು ಮಂಜುಗಡ್ಡೆ ಅಂತ ಗೊತ್ತಾಗುವುದು ಬಿದ್ದ ಮೇಲೆಯೇ. ಸೇತುವೆಗಳ ಮೇಲಂತೂ ಜಾಸ್ತಿ. ಕೆಳಗೂ ಗಾಳಿ ಆಡುವುದರಿಂದ ಅವು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ಹಗಲು ಜನ ತುಳಿದ ಕೆಸರು ಹಿಮ ರಾತ್ರಿ ಕಲ್ಲಾಗಿ, ಚಕ್ರದ ಅಗಲದ ಗಟ್ಟಿ ಚರಂಡಿಗಳಾಗುತ್ತವೆ. ನನ್ನನ್ನು ಕೇಳಿದರೆ ಹಿಮದ ರಸ್ತೆಯಲ್ಲಿ ಅತ್ಯಂತ ಅಪಾಯ ಅದೇ. ಮುಂದಿನ ಚಕ್ರ ಒಮ್ಮೆ ಅದರೊಳಗೆ ಇಳಿದರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ.

ಉಪ್ಪು ಹಾಕಿದ್ದಾರಲ್ಲ ಅಂತ ಪೂರ್ತಿ ನಂಬಬೇಡಿ. ಸಾಮಾನ್ಯ ಉಪ್ಪು ಮೈನಸ್ 9ರ ಕೆಳಗೆ ತುಂಬಾ ನಿಧಾನ, ಹೆಚ್ಚು ಚಳಿಯಲ್ಲಿ ಅದರಿಂದ ಪ್ರಯೋಜನ ಕಡಿಮೆ. ಉಪ್ಪು ಕೆಲಸ ಮಾಡುವಂಥ ದಿನವೂ ಹಿಮವನ್ನು ಅರ್ಧ ಕರಗಿಸಿ, ಒರಟು ಸಕ್ಕರೆಯಂತೆ ಉದುರುದುರಾಗಿ ಬಿಡುತ್ತದೆ. ಕೆಳಗೆ ಏನಿದೆ ಅಂತ ಕಾಣುವುದಿಲ್ಲ, ಚಕ್ರ ಅತ್ತಿತ್ತ ಓಡುತ್ತದೆ. ಎಷ್ಟು ಅನುಭವ ಇದ್ದವರೂ ಅಲ್ಲಿ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಅದರಲ್ಲಿ ಅವಮಾನ ಏನಿಲ್ಲ.

ಈಗ ನಿಮ್ಮ ಆಫೀಸಿನವರ ಸಲಹೆಗಳಿಗೆ ಬರೋಣ. ಫ್ಯಾಟ್ ಬೈಕ್ ಅಂದರೆ ಹಿಮದ ಸೈಕಲ್ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಆಳವಾದ, ಯಾರೂ ಗುಡಿಸದ ಹಿಮದ ಮೇಲೆ ತೇಲಿಕೊಂಡು ಹೋಗಲು ಅದು ನಿಜಕ್ಕೂ ಚೆನ್ನ. ಆದರೆ ನೀವು ಹೋಗುವುದು ಊರೊಳಗೆ. ಅಲ್ಲಿ ಇರುವುದು ಮಂಜುಗಡ್ಡೆ ಮತ್ತು ಕೆಸರು ಹಿಮ. ಮಂಜುಗಡ್ಡೆಯ ಮೇಲೆ ರಬ್ಬರು ನಾಲ್ಕು ಇಂಚು ಅಗಲ ಇದ್ದರೂ ರಬ್ಬರೇ, ಜಾರುತ್ತದೆ. ಗುಡ್ಡ ಹತ್ತುವ ಸೈಕಲ್ಲಿನ ದಪ್ಪ ಗುಬುಟಿನ ಟೈರಿನ ಕಥೆಯೂ ಅಷ್ಟೇ. ಕೆಸರು ಹಿಮದಲ್ಲಂತೂ ತೆಳು ಟೈರೇ ವಾಸಿ, ಅದನ್ನು ಕತ್ತರಿಸಿಕೊಂಡು ಕೆಳಗಿನ ಡಾಂಬರು ಮುಟ್ಟುತ್ತದೆ.

ಮಂಜುಗಡ್ಡೆಯನ್ನು ಕಚ್ಚುವುದು ಮೊಳೆ ಮಾತ್ರ. ಸ್ಟಡ್ ಟೈರ್ ಅಂತ ಸಿಗುತ್ತವೆ, ಒಂದೊಂದರಲ್ಲೂ ನೂರರಿಂದ ಮುನ್ನೂರರ ತನಕ ಪುಟ್ಟ ಲೋಹದ ಮೊಳೆಗಳು. ತಗೊಳ್ಳುವಾಗ ಒಂದೇ ವಿಷಯ ಕೇಳಿ: ಮೊಳೆಯ ತುದಿ ಟಂಗ್‌ಸ್ಟನ್ ಕಾರ್ಬೈಡಿನದಾ? ಬರೀ ಉಕ್ಕಿನದಾದರೆ ಡಾಂಬರಿನ ಮೇಲೆ ಬೇಗ ಸವೆದು ಬೋಳಾಗುತ್ತದೆ. ಕಾರ್ಬೈಡಿನದು ಹಲವು ಚಳಿಗಾಲ ಬಾಳುತ್ತದೆ. ಎರಡೂ ಚಕ್ರಕ್ಕೆ ಈಗಲೇ ಆಗದಿದ್ದರೆ ಮೊದಲು ಮುಂದಿನದಕ್ಕೆ ಹಾಕಿಸಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಏನಾಗುತ್ತದೆ ಅಂತ ನಿಮ್ಮ ಮೊಣಕೈಗೇ ಗೊತ್ತಲ್ಲ.

ಹೊಸ ಟೈರ್ ಹಾಕಿದ ಮೊದಲ 40 ಕಿ.ಮೀ. ಒಣ ಡಾಂಬರಿನ ಮೇಲೆ, ಜೋರಾಗಿ ಬ್ರೇಕ್ ಹಿಡಿಯದೆ ಓಡಿಸಿ. ಆಗ ಮೊಳೆಗಳು ತಮ್ಮ ಗೂಡಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ಇದನ್ನು ಮಾಡದೆ ನೇರ ಹಿಮಕ್ಕೆ ಇಳಿದವರ ಟೈರಿನಿಂದ ಮೊಳೆಗಳು ಒಂದೊಂದಾಗಿ ಉದುರಿಹೋಗಿರುವುದನ್ನು ನೋಡಿದ್ದೇನೆ. ಕೊಳ್ಳುವ ಮುಂಚೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಜಾಗ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಹಿಮ ಅಲ್ಲಿ ತುಂಬಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ. ಸ್ಟಡ್ ಟೈರಿಗೆ ದೋಷವೂ ಇದೆ. ಭಾರ, ನಿಧಾನ, ಒಣ ರಸ್ತೆಯಲ್ಲಿ ಚರಚರ ಸದ್ದು. ಬೇಸಿಗೆಯ 8 ಕಿ.ಮೀ.ಗೂ ಈಗಿನ 8 ಕಿ.ಮೀ.ಗೂ ಒಂದೇ ಹೊತ್ತು ಸಾಕಾಗುವುದಿಲ್ಲ, ಬೇಗ ಹೊರಡಿ. ಇನ್ನೊಂದು ಮಾತು: ಮೊಳೆ ಇದೆ ಅಂತ ಗಟ್ಟಿಯಾದ ಆ ಚರಂಡಿಗಳು ನಿಮ್ಮನ್ನು ಬಿಡುವುದಿಲ್ಲ, ಸಕ್ಕರೆ ಹಿಮವೂ ಬಿಡುವುದಿಲ್ಲ.

ಟೈರಿನ ಗಾಳಿಯ ಲೆಕ್ಕ ಸ್ವಲ್ಪ ಹೇಳುತ್ತೇನೆ, ಇದನ್ನು ಬಹಳ ಜನ ಮರೆಯುತ್ತಾರೆ. 20 ಡಿಗ್ರಿಯ ಮನೆಯೊಳಗೆ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ ಮೈನಸ್ 10ಕ್ಕೆ ಹೊರಗೆ ತಂದರೆ ಅದು ಸುಮಾರು 52ಕ್ಕೆ ಇಳಿಯುತ್ತದೆ. ಟ್ಯೂಬ್ ಪಂಕ್ಚರ್ ಆಗಿಲ್ಲ, ಗಾಳಿ ಕುಗ್ಗಿದೆ ಅಷ್ಟೇ. ಹಿಮಕ್ಕೆ ಸ್ವಲ್ಪ ಮೆತ್ತಗಿರುವ ಟೈರ್ ಒಳ್ಳೆಯದೇ, ನೆಲಕ್ಕೆ ತಾಗುವ ಮೊಳೆಗಳೂ ಹೆಚ್ಚುತ್ತವೆ. ಆದರೆ ಟೈರಿನ ಪಕ್ಕದಲ್ಲಿ ಬರೆದಿರುವ ಕನಿಷ್ಠ ಅಂಕಿಗಿಂತ ಕೆಳಗೆ ಹೋಗಬೇಡಿ. ಗುಂಡಿಗೆ ಬಿದ್ದಾಗ ರಿಮ್ ಟ್ಯೂಬನ್ನು ಕಚ್ಚಿಬಿಡುತ್ತದೆ. ಮೈನಸ್ ಚಳಿಯಲ್ಲಿ ಬರಿಗೈಯಿಂದ ಪಂಕ್ಚರ್ ಹಾಕುವ ಕಷ್ಟ ಶತ್ರುವಿಗೂ ಬೇಡ.

ಪೆಡಲ್ ಸುಮ್ನೆ ತಿರುಗಿದ್ದು ಹಿಂದಿನ ಚಕ್ರದಲ್ಲಿರುವ ಫ್ರೀವೀಲಿನ ಕೆಲಸ. ಅದರೊಳಗೆ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ನಾಲಿಗೆಗಳಿರುತ್ತವೆ, ತುಳಿಯುವುದು ನಿಲ್ಲಿಸಿದಾಗ ಬರುವ ಟಿಕ್ ಟಿಕ್ ಸದ್ದು ಅವುಗಳದೇ. ಒಳಗೆ ನೀರು ಹೋಗಿ ಹೆಪ್ಪುಗಟ್ಟಿದರೆ, ಅಥವಾ ಗ್ರೀಸು ಚಳಿಗೆ ಮೇಣದಂತೆ ಗಟ್ಟಿಯಾದರೆ, ಆ ನಾಲಿಗೆಗಳು ಮೇಲೇಳುವುದಿಲ್ಲ. ಹಲ್ಲು ಕಚ್ಚದ ಮೇಲೆ ಚಕ್ರ ತಿರುಗುವುದೆಲ್ಲಿಂದ? ನೀವು ರಾತ್ರಿ ಸೈಕಲ್ಲನ್ನು ಮನೆಯೊಳಗೆ ಇಡುತ್ತೀರಿ ಅಂತ ನನ್ನ ಊಹೆ. ಬೆಚ್ಚಗಿನ ಜಾಗದಲ್ಲಿ ಅಂಟಿದ ಹಿಮ ಕರಗಿ ಸಂದುಗೊಂದಿಗೆಲ್ಲ ಇಳಿಯುತ್ತದೆ. ತಣ್ಣಗಿನ ಲೋಹದ ಮೇಲೆ ಮನೆಯ ಗಾಳಿಯ ತೇವವೂ ಬೆವರಿನಂತೆ ಕೂರುತ್ತದೆ. ಬೆಳಿಗ್ಗೆ ಹೊರಗೆ ತಂದ ಹತ್ತೇ ನಿಮಿಷಕ್ಕೆ ಎಲ್ಲ ಕಲ್ಲು. ಗೇರಿನ ಕೇಬಲ್ಲು, ಬ್ರೇಕಿನ ಕೇಬಲ್ಲು ಹಿಡಿದುಕೊಳ್ಳುವುದೂ ಹೀಗೆಯೇ.

ಹಾಗಾಗಿ ಎರಡರಲ್ಲಿ ಒಂದು ಮಾಡಿ. ಒಂದೋ ಸೈಕಲ್ ಯಾವಾಗಲೂ ಚಳಿಯಲ್ಲೇ ಇರಲಿ, ಮೇಲೆ ಒಂದು ಸೂರು ಇದ್ದರೆ ಸಾಕು. ಇಲ್ಲವೇ ಒಳಗೆ ತಂದ ಮೇಲೆ ಒರೆಸಿ ಪೂರ್ತಿ ಒಣಗುವಷ್ಟು ಹೊತ್ತು ಇಡಿ. ಅರ್ಧಂಬರ್ಧ ಬೆಚ್ಚಗೆ ಮಾಡಿದರೆ ತೊಂದರೆ. ಫ್ರೀವೀಲನ್ನು ಒಮ್ಮೆ ಅಂಗಡಿಯಲ್ಲಿ ಬಿಚ್ಚಿಸಿ, ಹಳೆಯ ಗ್ರೀಸು ತೆಗೆಸಿ, ಚಳಿಗೆ ಗಟ್ಟಿಯಾಗದ ತೆಳು ಎಣ್ಣೆ ಹಾಕಿಸಿ. ಬಿಸಿನೀರು ಹುಯ್ಯಬೇಡಿ, ಆ ಕ್ಷಣಕ್ಕೆ ಬಿಡುತ್ತದೆ, ಸ್ವಲ್ಪ ದೂರ ಹೋದ ಮೇಲೆ ಮೊದಲಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ನಡುದಾರಿಯಲ್ಲಿ ಹೀಗಾದಾಗ ಹಳೆಯ ಸವಾರರು ಮಾಡುವ ಒಂದು ಉಪಾಯವೂ ಇದೆ, ಅದು ಇಲ್ಲಿ ಬರೆಯುವಂಥದ್ದಲ್ಲ.

ಚೈನು ಕೆಂಪಾಗಿದ್ದು ಉಪ್ಪಿನಿಂದ. ಮನೆಗೆ ಬಂದ ತಕ್ಷಣ ಬಟ್ಟೆಯಲ್ಲಿ ಒರೆಸಿ, ಮಳೆಗಾಲಕ್ಕೆ ಅಂತ ಮಾರುವ ಅಂಟು ಜಾಸ್ತಿಯಿರುವ ಎಣ್ಣೆ ವಾರಕ್ಕೆ ಎರಡು ಸಲವಾದರೂ ಬಿಡಿ. ಆದರೂ ಚಳಿಗಾಲ ಮುಗಿಯುವಷ್ಟರಲ್ಲಿ ಆ ಚೈನ್ ಸತ್ತಿರುತ್ತದೆ, ಅದನ್ನು ಖರ್ಚಿನ ಲೆಕ್ಕಕ್ಕೇ ಹಾಕಿಬಿಡಿ. ಒಳ್ಳೆಯ ಸೈಕಲ್ಲನ್ನು ಬೇಸಿಗೆಗೆ ಎತ್ತಿಟ್ಟು, ಹಳೆಯದೊಂದನ್ನು ಚಳಿಗಾಲಕ್ಕೆ ಬಲಿ ಕೊಡುವವರೂ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ಹಾಗೆ ಹಳೆಯದು ಹುಡುಕುವುದಾದರೆ ಗೇರು ಹಿಂದಿನ ಚಕ್ರದ ನಡುವಿನ ಗುಂಬದೊಳಗೇ (ಹಬ್) ಇರುವಂಥದ್ದು ನೋಡಿ, ಕೆಸರು ಹಿಮ ಅದನ್ನು ಮುಟ್ಟುವುದಿಲ್ಲ. ಬ್ರೇಕ್ ಡಿಸ್ಕ್ ಆಗಿರಲಿ ಅಥವಾ ಡ್ರಮ್ ಆಗಿರಲಿ. ರಿಮ್ ಹಿಡಿಯುವ ಬ್ರೇಕಿನಲ್ಲಿ ರಿಮ್ಮಿನ ಮೇಲೆ ಮಂಜಿನ ಪದರ ಕೂತರೆ ಮೊದಲ ಒಂದೆರಡು ಸುತ್ತು ಬ್ರೇಕೇ ಇರುವುದಿಲ್ಲ. ಸದ್ಯಕ್ಕೆ ಅದೇ ಇದ್ದರೆ ದಾರಿಯುದ್ದಕ್ಕೂ ಆಗಾಗ ಹಗುರವಾಗಿ ಹಿಡಿದು ಒರೆಸಿಕೊಳ್ಳುತ್ತಿರಿ. ಮುಂದೆ ಬ್ಯಾಟರಿ ಸೈಕಲ್ಲಿನ ಯೋಚನೆ ಬಂದರೆ ಇಷ್ಟು ನೆನಪಿರಲಿ: ಲಿಥಿಯಂ ಬ್ಯಾಟರಿ ಚಳಿಯಲ್ಲಿ ಕಡಿಮೆ ದೂರ ಓಡುತ್ತದೆ, ಮತ್ತು ಅದು ಸೊನ್ನೆಗಿಂತ ತಣ್ಣಗಿರುವಾಗ ಚಾರ್ಜಿಗೆ ಹಾಕಿದರೆ ಒಳಗಿನಿಂದ ಹಾಳಾಗುತ್ತದೆ. ಬಿಚ್ಚಿ ಮನೆಯೊಳಗೆ ತಂದು, ಬೆಚ್ಚಗಾದ ಮೇಲೆ ಹಾಕಬೇಕು.

ಇನ್ನು ಮೈ. ಶ್ವಾಸಕೋಶ ಹೆಪ್ಪುಗಟ್ಟುವುದಿಲ್ಲ. ಮೂಗು, ಗಂಟಲು ದಾಟುವಷ್ಟರಲ್ಲೇ ಗಾಳಿ ಬಹುಪಾಲು ಬೆಚ್ಚಗಾಗಿರುತ್ತದೆ. ಶೀತ, ನೆಗಡಿ ತರುವುದು ವೈರಸ್ಸು. ಆದರೆ ಈ ಭಯದಲ್ಲಿ ಒಂದು ಎಳೆ ನಿಜ. ಚಳಿಗಾಳಿ ತುಂಬಾ ಒಣಗಾಳಿ. ಜೋರಾಗಿ ಏದುಸಿರು ಬಿಟ್ಟಾಗ ಉಸಿರಿನ ಕೊಳವೆಗಳು ಒಣಗಿ ಬಿಗಿಯುತ್ತವೆ, ಉಬ್ಬಸ ಇರುವವರಿಗೆ ಅದು ಸಾಕು. ಚಳಿಗೆ ರಕ್ತನಾಳ ಕುಗ್ಗಿ ರಕ್ತದೊತ್ತಡವೂ ಏರುತ್ತದೆ. ಉಬ್ಬಸವೋ, ಎದೆಯ ತೊಂದರೆಯೋ, ಬಿಪಿಯೋ ಇದ್ದರೆ ಡಾಕ್ಟರನ್ನು ಕೇಳದೆ ಮುಂದುವರಿಸಬೇಡಿ. ಇಲ್ಲದವರಿಗೆ ಮೂಗು ಬಾಯಿಗೆ ಸುತ್ತಿದ ತೆಳು ಬಟ್ಟೆ, ಮಾತಾಡಲು ಆಗುವಷ್ಟು ನಿಧಾನದ ವೇಗ, ಇಷ್ಟು ಸಾಕು.

ವ್ಯಾಸಲೀನ್ ಬೇಡ. ಮುಖಕ್ಕೆ ಮುಲಾಮು ಬಳಿದರೆ ಬೆಚ್ಚಗಾದ ಹಾಗೆ ಅನಿಸುತ್ತದೆ, ಆದರೆ ಚರ್ಮ ಬೆಚ್ಚಗಾಗಿರುವುದಿಲ್ಲ. ಫಿನ್‌ಲೆಂಡಿನಲ್ಲಿ ಸೈನ್ಯದ ಹುಡುಗರನ್ನು ಗಮನಿಸಿದಾಗ ಹೀಗೆ ಬಳಿದುಕೊಂಡವರಲ್ಲೇ ಚಳಿಗಾಯ ಹೆಚ್ಚು ಕಂಡಿತ್ತು. ಬೆಚ್ಚಗಿದ್ದೇನೆ ಅನ್ನುವ ಸುಳ್ಳು ಧೈರ್ಯ ಅಷ್ಟು ಅಪಾಯ. ಬಟ್ಟೆಯಿಂದ ಮುಚ್ಚುವುದೇ ಸರಿ. ಮೈಯ ಶಾಖ ಅರ್ಧಕ್ಕರ್ಧ ತಲೆಯಿಂದಲೇ ಹೋಗುತ್ತದೆ ಅನ್ನುವ ಮಾತೂ ನಿಜವಲ್ಲ. ತಲೆ ಇಡೀ ಚರ್ಮದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ, ಶಾಖ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ಹೆಲ್ಮೆಟ್ಟಿನ ಒಳಗೆ ತೆಳು ಟೋಪಿ ಸಾಕು. ದಪ್ಪ ಉಣ್ಣೆ ಟೋಪಿ ಹಾಕಿದರೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ.

ನಿಮ್ಮ ಬೆವರಿನ ಕಥೆ ಕೇಳಿದರೆ ನೀವು ಬಟ್ಟೆ ಜಾಸ್ತಿ ಹಾಕುತ್ತಿದ್ದೀರಿ. ಮನೆಯ ಬಾಗಿಲಲ್ಲಿ ನಿಂತಾಗ ಹಿತವಾಗಿದ್ದರೆ ಎರಡು ಕಿ.ಮೀ. ಆದ ಮೇಲೆ ಬೆವರುವುದು ಖಂಡಿತ. ಹೊರಟಾಗ ಸ್ವಲ್ಪ ನಡುಗಬೇಕು. ಹತ್ತು ನಿಮಿಷದಲ್ಲಿ ಮೈ ತಾನೇ ಕಾವೇರುತ್ತದೆ. ಮೈಗೆ ಅಂಟುವ ಒಳಬಟ್ಟೆ ಹತ್ತಿಯದು ಬೇಡ, ಅದು ನೀರು ಹೀರಿ ತಣ್ಣಗೆ ಅಂಟಿಕೊಳ್ಳುತ್ತದೆ. ತೆಳು ಉಣ್ಣೆಯದಾಗಲಿ. ಅದರ ಮೇಲೊಂದು, ಎಲ್ಲಕ್ಕಿಂತ ಮೇಲೆ ಗಾಳಿ ತಡೆಯುವ ತೆಳು ಜಾಕೆಟ್ಟು. ಮುಂದೆ ಜಿಪ್ ಇರಲಿ, ದಿಬ್ಬ ಬಂದಾಗ ಬಿಚ್ಚಿಕೊಳ್ಳಲು. ದಿಬ್ಬ ಹತ್ತಿ ಬೆವರಿ, ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ ಆಗುವ ನಡುಕ ನಿಮಗೆ ಗೊತ್ತೇ ಇರಬೇಕು.

ಗಾಳಿಯನ್ನು ಸೈಕಲ್ಲೇ ಹುಟ್ಟಿಸುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಹೊರಗೆ ಮೈನಸ್ 10, ಗಾಳಿ ಇಲ್ಲ ಅಂದುಕೊಳ್ಳಿ. ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ತೆರೆದ ಚರ್ಮಕ್ಕೆ ಅದು ಮೈನಸ್ 18ರ ಹಾಗೆ. ಈ ಗಾಳಿ ಸೇರಿದ ಲೆಕ್ಕ ಮೈನಸ್ 28 ಮುಟ್ಟಿದ ದಿನ ಹತ್ತರಿಂದ ಮೂವತ್ತು ನಿಮಿಷದಲ್ಲಿ ತೆರೆದ ಚರ್ಮ ಹೆಪ್ಪುಗಟ್ಟುವ ಅಪಾಯ ಇದೆ. 8 ಕಿ.ಮೀ.ಗೆ ನಿಮಗೆ ಬೇಕಾಗುವ ಹೊತ್ತೂ ಅಷ್ಟೇ ಅಲ್ವಾ? ಆ ದಿನ ಕೆನ್ನೆ, ಮೂಗು, ಕಿವಿ ಕಾಣಿಸಲೇಬಾರದು.

ಕಾಲ್ಬೆರಳು ಮರಗಟ್ಟುವುದಕ್ಕೆ ಸಾಮಾನ್ಯ ಕಾರಣ ಬಿಗಿ ಶೂ. ಚಳಿ ಅಂತ ಎರಡು ಕಾಲುಚೀಲ ಹಾಕಿ ಅದೇ ಶೂಗೆ ಕಾಲು ತುರುಕುತ್ತಾರೆ. ಬೆರಳು ಆಡಿಸಲು ಆಗದಿದ್ದರೆ ರಕ್ತ ಓಡುವುದಿಲ್ಲ, ಆಮೇಲೆ ಹತ್ತು ಚೀಲ ಹಾಕಿದರೂ ಅಷ್ಟೇ. ಒಂದು ಅಳತೆ ದೊಡ್ಡ ಬೂಟು, ಒಂದೇ ಉಣ್ಣೆಯ ಚೀಲ, ದಾರಿಯಲ್ಲಿ ಬೇಕಾದರೆ ಇಳಿದು ನೂರು ಹೆಜ್ಜೆ ನಡೆಯಿರಿ. ಕೈಗೆ ಐದು ಬೆರಳಿನ ಗವಸಿಗಿಂತ ಬೆರಳುಗಳೆಲ್ಲ ಒಟ್ಟಿಗಿರುವ ಗವಸು ಬೆಚ್ಚಗೆ. ಅದಕ್ಕಿಂತಲೂ ಚೆನ್ನ ಅಂದರೆ ಹ್ಯಾಂಡಲ್ಲಿಗೇ ಕಟ್ಟುವ ದೊಡ್ಡ ಚೀಲ. ನೋಡಲು ಚೆನ್ನಾಗಿಲ್ಲ, ಆದರೆ ಒಳಗೆ ತೆಳು ಗವಸಿನಲ್ಲೇ ಬ್ರೇಕ್ ಹಿಡಿಯಬಹುದು.

ಮರಗಟ್ಟಿದ ಬೆರಳು ಬೆಳ್ಳಗೆ, ಮೇಣದ ಹಾಗೆ ಕಂಡರೆ ಉಜ್ಜಬೇಡಿ. ಹಿಮದಿಂದಂತೂ ಉಜ್ಜಲೇಬೇಡಿ, ಅದು ಹಳೆಯ ತಪ್ಪು ನಂಬಿಕೆ. 37ರಿಂದ 39 ಡಿಗ್ರಿಯ ಉಗುರುಬೆಚ್ಚನೆ ನೀರಿನಲ್ಲಿಡಿ. ಹೀಟರಿಗೆ ಹಿಡಿದರೆ ಸ್ಪರ್ಶವೇ ಇಲ್ಲದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಬೆಚ್ಚಗಾದ ಮೇಲೂ ಬಣ್ಣ, ಸ್ಪರ್ಶ ಮರಳದಿದ್ದರೆ, ಗುಳ್ಳೆ ಎದ್ದರೆ, ಆಸ್ಪತ್ರೆಗೆ ಹೋಗಿ.

ಓಡಿಸುವ ರೀತಿ ಬರೆದು ಕಲಿಸುವುದು ಕಷ್ಟ, ಆದರೂ ಮುಖ್ಯವಾದದ್ದು ಇಷ್ಟು. ಮಂಜುಗಡ್ಡೆಯ ಮೇಲೆ ಏನನ್ನೂ ಮಾಡಬೇಡಿ. ಬ್ರೇಕು, ತಿರುವು, ಜೋರು ತುಳಿತ ಎಲ್ಲ ಅದಕ್ಕೆ ಮುಂಚೆ ಅಥವಾ ಆಮೇಲೆ. ಅದರ ಮೇಲೆ ಬರೀ ನೇರ, ಸಡಿಲ ಕೈ, ನಿಧಾನ. ಬ್ರೇಕ್ ಹಿಡಿಯಲೇಬೇಕಾದರೆ ಹಿಂದಿನದು. ಸೀಟು ಎರಡು ಬೆರಳು ತಗ್ಗಿಸಿಕೊಳ್ಳಿ, ಕಾಲು ತಕ್ಷಣ ನೆಲಕ್ಕೆ ಎಟುಕಬೇಕು. ಟ್ರಾಮ್ ಹಳಿ, ಮ್ಯಾನ್‌ಹೋಲ್ ಮುಚ್ಚಳ, ರಸ್ತೆಗೆ ಬಳಿದ ಬಣ್ಣದ ಪಟ್ಟಿ ಇವೆಲ್ಲ ಡಾಂಬರಿಗಿಂತ ಮೊದಲೇ ಜಾರುತ್ತವೆ. ಹಳಿಯನ್ನು ಅಡ್ಡಲಾಗಿ ದಾಟಿ. ಹಿಮ ಗುಡಿಸುವ ಗಾಡಿ ರಸ್ತೆಯ ಅಂಚಿಗೆ ಗುಡ್ಡೆ ಹಾಕಿ ದಾರಿ ಕಿರಿದಾಗಿದ್ದರೆ ಅಂಚಿಗೆ ಒತ್ತಿಕೊಂಡು ಹೋಗಬೇಡಿ. ಅಲ್ಲೇ ಹಿಮದ ಉಂಡೆಗಳಿರುವುದು, ಜಾರಿದರೆ ಬೀಳುವುದು ಕಾರಿನ ಕೆಳಗೆ. ಸ್ವಲ್ಪ ಒಳಗೆ, ಕಾಣುವ ಹಾಗೆ ಹೋಗಿ, ದೀಪಗಳು ಉರಿಯುತ್ತಿರಲಿ. ಕಾರಿನವರಿಗೂ ಬ್ರೇಕ್ ಬೇಗ ಹಿಡಿಯುವುದಿಲ್ಲ ಅನ್ನುವುದು ಮನಸ್ಸಿನಲ್ಲಿರಲಿ.

ನಿಮ್ಮ ಹೆಂಡತಿಗೆ ಬೇಕಾದರೆ ಇದನ್ನು ಹೇಳಿ. ಫಿನ್‌ಲೆಂಡಿನ ಔಲು ಎಂಬ ಊರು ಆರ್ಕ್ಟಿಕ್ ವೃತ್ತಕ್ಕಿಂತ ಸ್ವಲ್ಪವೇ ಕೆಳಗಿದೆ. ಅಲ್ಲಿ ಮಕ್ಕಳು ಹಿಮದಲ್ಲೇ ಸೈಕಲ್ ತುಳಿದು ಶಾಲೆಗೆ ಹೋಗುತ್ತಾರೆ, ಅದೂ ಮಾಮೂಲಿ ಸೈಕಲ್ಲಿನಲ್ಲಿ. ಚಳಿಗಾಲದ ಸೈಕಲ್ ಸವಾರಿಯ ಮೊದಲ ಅಂತರರಾಷ್ಟ್ರೀಯ ಸಮಾವೇಶ 2013ರಲ್ಲಿ ನಡೆದದ್ದೂ ಅಲ್ಲೇ. ಅವರ ಗಟ್ಟಿತನ ಅಂದುಕೊಳ್ಳಬೇಡಿ. ಅಲ್ಲಿ ಸೈಕಲ್ ದಾರಿ ಕಾರಿನ ರಸ್ತೆಯಿಂದ ಬೇರೆ. ಹಿಮವನ್ನು ಬೇಗ ಗುಡಿಸುತ್ತಾರೆ, ಉಳಿದದ್ದನ್ನು ಗಟ್ಟಿಯಾಗಿ ಒತ್ತಿ ಸಣ್ಣ ಜಲ್ಲಿ ಹಾಕುತ್ತಾರೆ. ಜೊತೆಗೆ ಚಳಿ ದಿನಗಟ್ಟಲೆ ಒಂದೇ ಸಮ ಇರುತ್ತದೆ, ಕರಗಿ ಹೆಪ್ಪುಗಟ್ಟುವ ಆಟ ಕಡಿಮೆ. ಹಾಗಾಗಿ ನಿಮ್ಮ ಊರು ಎಷ್ಟು ತಣ್ಣಗಿದೆ ಅನ್ನುವುದಕ್ಕಿಂತ ನಿಮ್ಮ ದಾರಿಯನ್ನು ಯಾರು, ಎಷ್ಟು ಹೊತ್ತಿಗೆ ಗುಡಿಸುತ್ತಾರೆ ಅಂತ ಮೊದಲು ತಿಳಿದುಕೊಳ್ಳಿ. 8 ಕಿ.ಮೀ.ನ ನೇರ ದಾರಿ ಬಿಟ್ಟು 10 ಕಿ.ಮೀ.ನ ಗುಡಿಸಿದ ದಾರಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಮುಂದುವರಿಸಲೋ ಬಿಡಲೋ ಅಂತ ಕೇಳಿದ್ದೀರಿ. ಇಡೀ ಚಳಿಗಾಲಕ್ಕೆ ಒಂದೇ ಸಲ ತೀರ್ಮಾನ ಮಾಡಬೇಕಾಗಿಲ್ಲ. ಸ್ಟಡ್ ಟೈರ್ ಬರುವವರೆಗೆ ಬಸ್ಸಿನಲ್ಲೇ ಹೋಗಿ, ಈ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಆಮೇಲೆ ದಿನಾ ಬೆಳಿಗ್ಗೆ ನೋಡಿ. ಮೈನಸ್ 12, ಒಣ ಹಿಮ, ದಾರಿ ಗುಡಿಸಿದ್ದಾರೆ ಅಂದರೆ ಖುಷಿಯಾಗಿ ಹೊರಡಿ. ನಿನ್ನೆ ಕರಗಿ ರಾತ್ರಿ ಹೆಪ್ಪುಗಟ್ಟಿದ್ದರೆ, ಮಳೆ ಬಿದ್ದ ಮೇಲೆ ಚಳಿ ಏರಿದ್ದರೆ, ಸೈಕಲ್ ಬಿಟ್ಟು ಹೊರಡಿ. ಹಟ ಇರುವವರಿಗೆ ಇದು ಸ್ವಲ್ಪ ಕಷ್ಟ. ನನಗೂ ಕಷ್ಟವಾಗಿತ್ತು, ಒಂದು ಸಲ ಮಣಿಕಟ್ಟು ಮುರಿದುಕೊಂಡ ಮೇಲೆ ಸುಲಭವಾಯಿತು.

ಕೊನೆಯದಾಗಿ ನೀವು ಕೇಳದೇ ಇದ್ದ ಎರಡು ವಿಷಯ. ಬಿದ್ದು ಒಂದು ವಾರವಾದರೂ ಮೊಣಕೈ ನೋಯುತ್ತಿದೆ ಅಂದರೆ ಒಂದು ಎಕ್ಸ್‌ರೇ ತೆಗೆಸಿ. ಕೈ ಊರಿ ಬಿದ್ದಾಗ ಮೊಣಕೈಯ ಹತ್ತಿರ ಸಣ್ಣ ಬಿರುಕು ಬಿಡುವುದು ಅಪರೂಪವಲ್ಲ, ಮೇಲಿನಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ಮತ್ತು ಆ ಹೆಲ್ಮೆಟ್ ಬದಲಿಸಿ. ಒಳಗಿನ ಥರ್ಮೋಕೋಲು ಒಂದು ಏಟಿಗೆ ಕುಗ್ಗಿ ತನ್ನ ಕೆಲಸ ಮುಗಿಸಿರುತ್ತದೆ, ಹೊರಗೆ ಗೀರು ಕಾಣದಿದ್ದರೂ.